ನೀರು ಆಚೆಗೆ, ಎಣ್ಣೆ ಈಚೆಗೆ: ಎರಡನ್ನೂ ಬಿಡಿಸುವ ಪೊರೆಗಳು ಕೆಲಸ ಮಾಡುವ ಬಗೆ

ಎಣ್ಣೆಯೂ ನೀರೂ ಬೆರೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಅವೆರಡನ್ನು ಬೇರೆ ಮಾಡುವುದಕ್ಕೆ ಅಷ್ಟೊಂದು ಪ್ರಯೋಗಾಲಯಗಳು ಯಾಕೆ ತಲೆ ಕೆಡಿಸಿಕೊಂಡಿವೆ? ತೊಟ್ಟಿಯಲ್ಲಿ ಸುಮ್ನೆ ಬಿಟ್ಟರೆ ಎಣ್ಣೆ ತಾನಾಗಿಯೇ ಮೇಲೆ ತೇಲಿ ಬರುತ್ತದೆ, ಅಲ್ವಾ?

ಬರುತ್ತದೆ. ಆದರೆ ಎಣ್ಣೆಯ ಹನಿ ದೊಡ್ಡದಿದ್ದರೆ ಮಾತ್ರ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಮೀಟರ್ ಆಳದ ತೊಟ್ಟಿ ಇದೆ. ಅದರ ತಳದಲ್ಲಿ ನೀರಿಗಿಂತ ಸುಮಾರು 15% ಹಗುರವಾದ ಎಣ್ಣೆಯ ಒಂದು ಹನಿ ಇದೆ. ಹನಿಯ ಅಡ್ಡಗಲ 100 ಮೈಕ್ರೋಮೀಟರ್ ಇದ್ದರೆ, ಅಂದರೆ ಹೆಚ್ಚುಕಡಿಮೆ ಕೂದಲೆಳೆಯ ದಪ್ಪ, ಅದು ಮೇಲೆ ಬರಲು 20 ನಿಮಿಷ ಸಾಕು. 10 ಮೈಕ್ರೋಮೀಟರ್ ಹನಿಗೆ ಸುಮಾರು 34 ಗಂಟೆ ಬೇಕು. 1 ಮೈಕ್ರೋಮೀಟರ್ ಹನಿಗೆ ನಾಲ್ಕೂವರೆ ತಿಂಗಳಿಗೂ ಜಾಸ್ತಿ. ಅದೂ ಅಷ್ಟು ದಿನ ನೀರು ಒಂದಿಷ್ಟೂ ಅಲುಗಾಡದೆ ನಿಂತಿದ್ದರೆ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಸೂತ್ರದಿಂದ ಬರುವ ಲೆಕ್ಕ ಇದು. ಹನಿಯ ಗಾತ್ರ ಹತ್ತು ಪಟ್ಟು ಇಳಿದರೆ ಅದು ಮೇಲೇರುವ ವೇಗ ನೂರು ಪಟ್ಟು ಇಳಿಯುತ್ತದೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಮೂರು ಗುಂಪು ಮಾಡಿಕೊಳ್ಳುತ್ತಾರೆ. 150 ಮೈಕ್ರೋಮೀಟರ್‌ಗಿಂತ ದೊಡ್ಡ ಹನಿಗಳದ್ದು ತೇಲುವ ಎಣ್ಣೆ. 20ರಿಂದ 150ರವರೆಗಿನದ್ದು ಚದುರಿದ ಎಣ್ಣೆ. 20ಕ್ಕಿಂತ ಚಿಕ್ಕವು ಎಮಲ್ಷನ್. ಮೊದಲನೆಯದನ್ನು ಮೇಲಿಂದ ಕೆನೆ ತೆಗೆದ ಹಾಗೆ ತೆಗೆಯಬಹುದು. ಎರಡನೆಯದಕ್ಕೆ ನೀರಿನಲ್ಲಿ ಗಾಳಿಗುಳ್ಳೆ ಬಿಟ್ಟು ಹನಿಗಳನ್ನು ಮೇಲಕ್ಕೆತ್ತುವ ವಿಧಾನಗಳಿವೆ. ಪೇಚಾಟವೆಲ್ಲ ಮೂರನೆಯದರದ್ದು.

ಎಮಲ್ಷನ್ ಎಲ್ಲೆಲ್ಲಿ ಹುಟ್ಟುತ್ತದೆ? ಎಣ್ಣೆಬಾವಿಗಳಲ್ಲಿ ಕಚ್ಚಾ ತೈಲದ ಜೊತೆ ಅದಕ್ಕಿಂತ ಎಷ್ಟೋ ಪಟ್ಟು ನೀರು ಮೇಲೆ ಬರುತ್ತದೆ, ಆ ನೀರಿನಲ್ಲಿ. ಲೋಹ ಕೊರೆಯುವ ಯಂತ್ರಗಳನ್ನು ತಣ್ಣಗಿಡಲು ಬಳಸುವ ದ್ರವದಲ್ಲಿ. ಬಟ್ಟೆ, ಚರ್ಮ, ಆಹಾರ ಕಾರ್ಖಾನೆಗಳ ಕೊಳೆನೀರಿನಲ್ಲಿ. ಹಡಗಿನ ತಳದಲ್ಲಿ ಸೇರಿಕೊಳ್ಳುವ ನೀರಿನಲ್ಲಿ. ಹಡಗುಗಳ ಮಟ್ಟಿಗೆ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಿಯಮ ಬಿಗಿಯಾಗಿದೆ. ಸಮುದ್ರಕ್ಕೆ ಬಿಡುವ ಆ ನೀರಿನಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ದಾಟುವ ಹಾಗಿಲ್ಲ. ತೇಲುವ ಎಣ್ಣೆಯನ್ನು ಬಾಚಿ ತೆಗೆದಷ್ಟಕ್ಕೇ ಆ ಮಟ್ಟ ಸಿಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ಸಣ್ಣ ಹನಿಗಳು ಒಂದಕ್ಕೊಂದು ತಾಗಿ ಸೇರಿಕೊಂಡರೆ ದೊಡ್ಡದಾಗಿ ಮೇಲೆ ಬರಬೇಕಿತ್ತು. ಆದರೆ ಕೊಳೆನೀರಿನಲ್ಲಿ ಸೋಪು, ಡಿಟರ್ಜೆಂಟ್, ಕಚ್ಚಾ ತೈಲದಲ್ಲೇ ಇರುವ ಕೆಲವು ಅಂಟು ವಸ್ತುಗಳು ಇರುತ್ತವೆ. ಇವುಗಳ ಅಣುವಿನ ಒಂದು ತುದಿಗೆ ಎಣ್ಣೆ ಇಷ್ಟ, ಇನ್ನೊಂದು ತುದಿಗೆ ನೀರು ಇಷ್ಟ. ಹಾಗಾಗಿ ಅವು ಹನಿಯ ಸುತ್ತ ಸಾಲುಗಟ್ಟಿ ನಿಂತು ಕವಚ ಕಟ್ಟುತ್ತವೆ. ಜೊತೆಗೆ ನೀರಿನಲ್ಲಿರುವ ಎಣ್ಣೆ ಹನಿಗಳ ಮೇಲ್ಮೈ ಸಾಮಾನ್ಯವಾಗಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರ ಬಂದರೂ ಸೇರುವುದಿಲ್ಲ. ಹೀಗೆ ಕವಚ ತೊಡಿಸುವ ವಸ್ತುಗಳಿಗೆ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಕಾಟ ಕೊಡುವುದು ಇದೇ.

ಜರಡಿ ಯಾಕೆ ಸಾಲದು

ಹನಿ ಚಿಕ್ಕದಾದರೆ ಅದಕ್ಕಿಂತ ಚಿಕ್ಕ ತೂತಿನ ಜರಡಿ ಹಿಡಿದರಾಯಿತು ಅನ್ನಿಸುತ್ತದೆ. ಮರಳಿನ ಕಣವಾಗಿದ್ದರೆ ಅದು ಸರಿ. ಆದರೆ ಹನಿ ಮೆತ್ತಗಿದೆ. ಒತ್ತಿದರೆ ಉದ್ದವಾಗುತ್ತದೆ, ಸಪೂರವಾಗುತ್ತದೆ, ತನಗಿಂತ ಎಷ್ಟೋ ಚಿಕ್ಕ ತೂತಿನಲ್ಲೂ ನುಸುಳುತ್ತದೆ. ನೀರೂ ದ್ರವ, ಎಣ್ಣೆಯೂ ದ್ರವ. ತೂತಿನ ಅಳತೆ ಒಂದನ್ನೇ ನಂಬಿದರೆ ಎರಡರಲ್ಲಿ ಯಾವುದನ್ನು ತಡೆಯಬೇಕು ಎಂದು ತೂತಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಪೊರೆಯ (ಸಣ್ಣ ತೂತುಗಳಿರುವ ತೆಳು ಹಾಳೆ ಅಥವಾ ಜಾಲರಿಯ) ಗೋಡೆಗೆ ಒಂದು ಒಲವು ಕೊಡಬೇಕು. ಒಂದು ದ್ರವವನ್ನು ಅದು ಒಳಗೆ ಕರೆದುಕೊಳ್ಳಬೇಕು, ಇನ್ನೊಂದನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಈ ಒಲವನ್ನು ಅಳೆಯುವುದು ಸ್ಪರ್ಶಕೋನದಿಂದ. ಒಂದು ಸಮತಟ್ಟಾದ ಮೇಲ್ಮೈ ಮೇಲೆ ಹನಿ ಇಡಿ. ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವ ಜಾಗದಲ್ಲಿ ದ್ರವದ ಒಳಗಡೆಯಿಂದ ಕೋನ ಅಳೆಯಿರಿ. ಹನಿ ಪೂರ್ತಿ ಹರಡಿ ಹೋದರೆ ಸೊನ್ನೆ. 90 ಡಿಗ್ರಿಗಿಂತ ಕಡಿಮೆ ಇದ್ದರೆ ಮೇಲ್ಮೈಗೆ ಆ ದ್ರವ ಹಿಡಿಸಿದೆ. 90 ದಾಟಿದರೆ ಹಿಡಿಸಿಲ್ಲ. 150 ಡಿಗ್ರಿ ದಾಟಿತು ಅಂದರೆ ಹನಿ ಹೆಚ್ಚುಕಡಿಮೆ ಗುಂಡಾಗಿ ಕೂತಿದೆ, ಸ್ವಲ್ಪ ವಾಲಿಸಿದರೆ ಉರುಳಿ ಹೋಗುತ್ತದೆ.

ಈ ಕೋನ ಎಲ್ಲಿಂದ ಬರುತ್ತದೆ ಎಂದು 1805ರಲ್ಲೇ ಥಾಮಸ್ ಯಂಗ್ ವಿವರಿಸಿದ್ದರು. ಹನಿಯ ಅಂಚಿನಲ್ಲಿ ಮೂರು ಎಳೆತಗಳು ಸೆಣಸುತ್ತವೆ. ಘನಕ್ಕೂ ಗಾಳಿಗೂ ನಡುವಿನದ್ದು, ಘನಕ್ಕೂ ದ್ರವಕ್ಕೂ ನಡುವಿನದ್ದು, ದ್ರವಕ್ಕೂ ಗಾಳಿಗೂ ನಡುವಿನದ್ದು. ಮೂರೂ ಸಮಕ್ಕೆ ಬಂದ ಕಡೆ ಅಂಚು ನಿಲ್ಲುತ್ತದೆ. ಇದರಲ್ಲಿ ನಮಗೆ ಮುಖ್ಯವಾದದ್ದು ಮೂರನೆಯದು, ಅಂದರೆ ದ್ರವದ ಮೇಲ್ಮೈ ಎಳೆತ. ನೀರಿನದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಎಣ್ಣೆಗಳದು ಸಾಮಾನ್ಯವಾಗಿ 20ರಿಂದ 35ರ ಆಸುಪಾಸು. ನೀರು ತನ್ನನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಎಣ್ಣೆ ಸಡಿಲ. ಅದಕ್ಕೇ ಎಣ್ಣೆ ಸಿಕ್ಕ ಸಿಕ್ಕ ಮೇಲ್ಮೈ ಮೇಲೆಲ್ಲ ಹರಡುತ್ತದೆ. ನೀರು ಆರಿಸಿ ಹರಡುತ್ತದೆ. ಈ ಒಂದು ವ್ಯತ್ಯಾಸದ ಮೇಲೆ ಇಡೀ ವಿದ್ಯೆ ನಿಂತಿದೆ.

ನೀರನ್ನು ದೂರ ಇಡುವ ಪೊರೆ

ಕಮಲದ ಎಲೆಗೆ ನೀರು ಅಂಟುವುದಿಲ್ಲ ಎಂಬುದು ನಮ್ಮ ಮಾತಿನಲ್ಲೇ ಬೆರೆತುಹೋಗಿರುವ ಸಂಗತಿ. ಯಾಕೆ ಅಂಟುವುದಿಲ್ಲ ಎಂಬುದನ್ನು ಜರ್ಮನಿಯ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ 1997ರಲ್ಲಿ ವಿವರವಾಗಿ ಪ್ರಕಟಿಸಿದರು. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ. ಆ ಉಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ಹನಿ ಕೂರುವುದು ಉಬ್ಬುಗಳ ತುದಿಯ ಮೇಲೆ. ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರಿಗೆ ಎಲೆ ಸಿಗುವುದೇ ಅಲ್ಪಸ್ವಲ್ಪ.

ಮೇಣ ಒಂದೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ನುಣುಪಾದ ಟೆಫ್ಲಾನ್ ಮೇಲೆ ನೀರಿನ ಸ್ಪರ್ಶಕೋನ ಸುಮಾರು 110 ಡಿಗ್ರಿ. ರಸಾಯನ ಎಷ್ಟೇ ಬದಲಿಸಿ, ಸಮತಟ್ಟಾದ ಮೇಲ್ಮೈಯಲ್ಲಿ 120ರ ಆಸುಪಾಸಿಗೆ ಆಟ ಮುಗಿಯುತ್ತದೆ. ಅದರಾಚೆ ಹೋಗಬೇಕಾದರೆ ಒರಟುತನ ಬೇಕು. 1936ರಲ್ಲಿ ವೆಂಜೆಲ್ ತೋರಿಸಿದ್ದು ಇದನ್ನೇ: ಮೇಲ್ಮೈ ಒರಟಾದಷ್ಟೂ ಅದರ ಸ್ವಭಾವ ಹೆಚ್ಚುತ್ತದೆ. ನೀರನ್ನು ಒಲ್ಲದ್ದು ಇನ್ನಷ್ಟು ಒಲ್ಲದಾಗುತ್ತದೆ, ಒಪ್ಪುವುದು ಇನ್ನಷ್ಟು ಒಪ್ಪುತ್ತದೆ. 1944ರಲ್ಲಿ ಕ್ಯಾಸ್ಸಿ ಮತ್ತು ಬ್ಯಾಕ್ಸ್ಟರ್ ಕೆಳಗೆ ಗಾಳಿ ಸಿಕ್ಕಿಕೊಂಡಾಗ ಏನಾಗುತ್ತದೆ ಎಂಬ ಲೆಕ್ಕ ಕೊಟ್ಟರು.

ಎಣ್ಣೆ-ನೀರಿನ ಕೆಲಸಕ್ಕೆ ಇದನ್ನು ತಂದ ಹೆಸರುವಾಸಿ ಪ್ರಯೋಗ 2004ರದ್ದು. ಚೀನಾದ ಲೇ ಜಿಯಾಂಗ್ ಅವರ ತಂಡ ಸ್ಟೀಲಿನ ಜಾಲರಿಗೆ ಟೆಫ್ಲಾನ್ ಸಿಂಪಡಿಸಿ ಒಣಗಿಸಿತು. ಅದರ ಮೇಲೆ ನೀರಿನ ಕೋನ 150 ಡಿಗ್ರಿ ದಾಟಿತು. ಡೀಸೆಲ್ ಹನಿ ಮಾತ್ರ ಮುಟ್ಟಿದ ತಕ್ಷಣ ಹರಡಿ ಜಾಲರಿಯಿಂದ ಕೆಳಗಿಳಿಯಿತು. ಟೆಫ್ಲಾನಿಗೆ ಎಣ್ಣೆ ಅಷ್ಟೇನೂ ಇಷ್ಟವಿಲ್ಲದಿದ್ದರೂ ಒರಟುತನ ಅದರ ಸಣ್ಣ ಒಲವನ್ನು ದೊಡ್ಡದು ಮಾಡಿತು. ಒಂದೇ ಲೇಪನ, ಎರಡು ದ್ರವಗಳಿಗೆ ಎರಡು ತೀರ್ಪು.

ಒಂದೇ ಒಂದು ತೂತಿನ ಹತ್ತಿರ ಹೋಗಿ ನೋಡೋಣ. ಜಾಲರಿಯ ತೂತು 50 ಮೈಕ್ರೋಮೀಟರ್ ಅನ್ನಿ. ಮೇಲೆ ನೀರು ನಿಂತಿದೆ. ತೂತಿನ ಬಾಯಲ್ಲಿ ನೀರು ಕೆಳಕ್ಕೆ ಉಬ್ಬಿಕೊಂಡಿದೆ, ಆದರೆ ಅದರ ಅಂಚು ಗೋಡೆಯ ಮೇಲೆ ಮುಂದೆ ಸರಿಯಲು ಒಪ್ಪುತ್ತಿಲ್ಲ. ಉಬ್ಬಿದ ಆ ಮೇಲ್ಮೈಯೇ ಬಿಗಿದ ಚರ್ಮದ ಹಾಗೆ ನೀರನ್ನು ಮೇಲಕ್ಕೆ ತಳ್ಳಿ ಹಿಡಿದಿದೆ. ಮೇಲೆ ಇನ್ನಷ್ಟು ನೀರು ಹಾಕಿದರೆ ಉಬ್ಬು ಜಾಸ್ತಿಯಾಗುತ್ತದೆ. ಒಂದು ಹಂತದಲ್ಲಿ ತಡೆಯಲಾರದೆ ಒಡೆದು ನೀರು ಇಳಿದುಬಿಡುತ್ತದೆ. ಆ ಹಂತ ಯಾವುದು? ಗೋಡೆಯ ಮೇಲಿನ ಕೋನ 120 ಡಿಗ್ರಿ ಇದ್ದರೆ ಲೆಕ್ಕ 2,900 ಪಾಸ್ಕಲ್ ಹತ್ತಿರ ಬರುತ್ತದೆ. ಅಂದರೆ ಸುಮಾರು 29 ಸೆಂಟಿಮೀಟರ್ ಎತ್ತರದ ನೀರು. ಅಷ್ಟೇ! ಒಂದು ಬಕೆಟ್ ತುಂಬುವಷ್ಟು ಎತ್ತರದ ನೀರಿಗೆ ಈ ಜಾಲರಿ ಸೋಲುತ್ತದೆ. ತೂತು 5 ಮೈಕ್ರೋಮೀಟರ್‌ಗೆ ಇಳಿಸಿದರೆ ಹತ್ತು ಪಟ್ಟು, ಅಂದರೆ ಸುಮಾರು 2.9 ಮೀಟರ್ ತಡೆಯುತ್ತದೆ. ಆದರೆ ಆಗ ಎಣ್ಣೆ ಇಳಿಯುವ ವೇಗವೂ ಬಿದ್ದುಹೋಗುತ್ತದೆ.

ಈ ಜಾತಿಯ ಪೊರೆಗೆ ಇನ್ನೂ ಎರಡು ಕಷ್ಟ ಇವೆ. ಮೊದಲನೆಯದು ಸರಳವಾದದ್ದು, ಆದರೆ ಎಷ್ಟೋ ಪ್ರದರ್ಶನಗಳಲ್ಲಿ ಇದನ್ನು ಮುಚ್ಚಿಡುತ್ತಾರೆ. ಹೆಚ್ಚಿನ ಎಣ್ಣೆಗಳು ನೀರಿಗಿಂತ ಹಗುರ. ಮಿಶ್ರಣವನ್ನು ಮೇಲಿಂದ ಸುರಿದರೆ ನೀರು ಕೆಳಗೆ ಕೂತು ಪೊರೆಯನ್ನು ಮುಚ್ಚುತ್ತದೆ. ಹಾದುಹೋಗಬೇಕಾದ ಎಣ್ಣೆ ಮೇಲೆ ತೇಲುತ್ತಾ ಇರುತ್ತದೆ, ಪೊರೆಯನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಈ ಪ್ರಯೋಗಗಳ ವಿಡಿಯೋಗಳಲ್ಲಿ ನೀರಿಗಿಂತ ಭಾರವಾದ ಕ್ಲೋರೋಫಾರ್ಮಿನಂಥ ದ್ರವ ಬಳಸಿದ್ದು ಕಾಣುತ್ತದೆ. ಅಂಥದ್ದನ್ನು ನೋಡಿದರೆ ಇದೇ ಫಲ ಡೀಸೆಲಿಗೂ ಸಿಗುತ್ತದೆ ಎಂದು ಅಂದುಕೊಳ್ಳಬೇಡಿ. ಎರಡನೆಯದು ಇನ್ನೂ ಹಟಮಾರಿ. ಎಣ್ಣೆಯನ್ನು ಇಷ್ಟಪಡುವ ಪೊರೆ ಎಣ್ಣೆಯನ್ನು ಬಿಟ್ಟುಕೊಡುವುದೂ ಇಲ್ಲ. ಕಚ್ಚಾ ತೈಲದ ಮಂದ ಅಂಟು ತೂತುಗಳಲ್ಲಿ ಕೂತರೆ ತೊಳೆದು ತೆಗೆಯುವುದು ಭಾರಿ ಕಷ್ಟ.

ಹಾಗಂತ ಇವು ನಿಷ್ಪ್ರಯೋಜಕ ಅಲ್ಲ. ಎಣ್ಣೆ ಜಾಸ್ತಿ, ನೀರು ಸ್ವಲ್ಪ ಇರುವ ಕಡೆ ಇವುಗಳದ್ದೇ ರಾಜ್ಯ. ವಿಮಾನದ ಇಂಧನದಲ್ಲಿ ನೀರು ಇರಬಾರದು. ಮೇಲೆ ಹೋದಾಗ ಅದು ಮಂಜುಗಡ್ಡೆಯಾಗಿ ಇಂಧನದ ದಾರಿ ಕಟ್ಟುತ್ತದೆ. ಹಾಗಾಗಿ ಇಂಧನ ತುಂಬುವ ಮೊದಲು ಎರಡು ಹಂತದ ಶೋಧಕ ಬಳಸುತ್ತಾರೆ. ಮೊದಲ ಹಂತದ ನಾರುಗಳು ಸಣ್ಣ ನೀರಿನ ಹನಿಗಳನ್ನು ಸೇರಿಸಿ ದೊಡ್ಡದು ಮಾಡುತ್ತವೆ. ಎರಡನೆಯ ಹಂತದಲ್ಲಿ ಟೆಫ್ಲಾನ್ ಲೇಪಿಸಿದ ಜಾಲರಿ ಇಂಧನವನ್ನು ಬಿಟ್ಟು ನೀರನ್ನು ತಡೆಯುತ್ತದೆ. ಡೀಸೆಲ್ ಎಂಜಿನ್ನಿನ ಫಿಲ್ಟರುಗಳಲ್ಲೂ ಇದೇ ಉಪಾಯ ಬಳಕೆಯಲ್ಲಿದೆ. ರಸಾಯನ ಪ್ರಯೋಗಾಲಯಗಳಲ್ಲಿ ಸಿಲಿಕೋನ್ ಹಚ್ಚಿದ ಶೋಧಕ ಕಾಗದ ಇರುತ್ತದೆ, ಅದೂ ನೀರನ್ನು ಉಳಿಸಿಕೊಂಡು ಉಳಿದದ್ದನ್ನು ಇಳಿಸುತ್ತದೆ. ಸಮುದ್ರದ ಮೇಲೆ ಚೆಲ್ಲಿದ ಎಣ್ಣೆ ಹೀರಲು ನೀರೊಲ್ಲದ ಸ್ಪಂಜುಗಳೂ ಇದೇ ಬಳಗದವು. ಅವುಗಳ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.

ನೀರನ್ನು ಕರೆದುಕೊಳ್ಳುವ ಪೊರೆ

ನೀರು ಜಾಸ್ತಿ, ಎಣ್ಣೆ ಸ್ವಲ್ಪ. ಕೊಳೆನೀರು ಬಹುಪಾಲು ಹೀಗೇ ಇರುತ್ತದೆ. ಇಲ್ಲಿ ನೀರನ್ನು ಬಿಟ್ಟು ಎಣ್ಣೆಯನ್ನು ತಡೆಯುವ ಪೊರೆ ಬೇಕು. ನೀರು ತಾನಾಗಿಯೇ ಕೆಳಗೆ ಕೂರುತ್ತದೆ, ಆದ್ದರಿಂದ ಇಳಿಯಲು ದಾರಿ ಸಲೀಸು.

ಆದರೆ ಒಂದು ಸಿಕ್ಕು ಎದುರಾಗುತ್ತದೆ. ಎಣ್ಣೆಯನ್ನು ಗಾಳಿಯಲ್ಲಿ ದೂರ ತಳ್ಳುವ ಮೇಲ್ಮೈ ಮಾಡುವುದು ತುಂಬಾ ಕಷ್ಟ. ಸಡಿಲವಾದ ಎಣ್ಣೆಯೇ ಹರಡದ ಮೇಲ್ಮೈ ಸಿಕ್ಕಿತು ಅಂದರೆ, ಬಿಗಿಯಾದ ನೀರು ಅದರ ಮೇಲೆ ಹರಡುವ ಮಾತೇ ಇಲ್ಲ. ಸಾಮಾನ್ಯ ಲೆಕ್ಕದಲ್ಲಿ ಎಣ್ಣೆಯನ್ನು ಒಲ್ಲದ್ದು ನೀರನ್ನೂ ಒಲ್ಲದು. ಹಾಗಾದರೆ ನೀರನ್ನು ಮಾತ್ರ ಬಿಡುವ ಪೊರೆ ಹೇಗೆ ಸಾಧ್ಯ?

ಉತ್ತರ ಮೀನಿನ ಮೈಮೇಲಿದೆ. ಎಣ್ಣೆ ಬೆರೆತ ನೀರಿನಲ್ಲಿ ಈಜಿದರೂ ಮೀನಿನ ಹುರುಪೆಗೆ ಎಣ್ಣೆ ಮೆತ್ತಿಕೊಳ್ಳುವುದಿಲ್ಲ. ಅದೇ ಹುರುಪೆಯನ್ನು ಒಣಗಿಸಿ ಗಾಳಿಯಲ್ಲಿಟ್ಟು ಎಣ್ಣೆ ಹಾಕಿದರೆ ಎಣ್ಣೆ ಹರಡುತ್ತದೆ. 2009ರಲ್ಲಿ ಜಿಯಾಂಗ್ ಅವರ ತಂಡವೇ ಇದನ್ನು ಬಿಡಿಸಿ ಹೇಳಿತು. ಹುರುಪೆಗೆ ನೀರು ಇಷ್ಟ. ಅದರ ಒರಟು ಮೇಲ್ಮೈಯ ಸಂದುಗಳಲ್ಲಿ ನೀರು ಸಿಕ್ಕಿಕೊಂಡು ಒಂದು ತೆಳು ಪದರವಾಗುತ್ತದೆ. ಎಣ್ಣೆ ಬಂದಾಗ ಅದಕ್ಕೆ ಎದುರಾಗುವುದು ಹುರುಪೆಯಲ್ಲ, ನೀರು. ಎಣ್ಣೆ ನೀರಿನ ಮೇಲೆ ಎಲ್ಲಿ ಕೂರಬೇಕು? ಗುಂಡಾಗಿ ಉರುಳುತ್ತದೆ. ಕಮಲದ ಎಲೆಯಲ್ಲಿ ಸಂದಿಗೆ ಸೇರಿದ ಗಾಳಿ ಮಾಡಿದ ಕೆಲಸವನ್ನು ಇಲ್ಲಿ ಸಂದಿಗೆ ಸೇರಿದ ನೀರು ಮಾಡುತ್ತದೆ.

ಇದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಎರಡು ಶೋಧಕ ಕಾಗದ ತೆಗೆದುಕೊಳ್ಳಿ, ಕಾಫಿ ಸೋಸುವ ಕಾಗದವಾದರೂ ಆದೀತು. ಒಂದನ್ನು ಒಣಗಿದ್ದ ಹಾಗೇ ಆಲಿಕೆಯಲ್ಲಿಡಿ. ಇನ್ನೊಂದನ್ನು ಚೆನ್ನಾಗಿ ನೀರಲ್ಲಿ ಅದ್ದಿ, ಹೆಚ್ಚಿನ ನೀರು ಸೋರಿಹೋದ ಮೇಲೆ ಇನ್ನೊಂದು ಆಲಿಕೆಯಲ್ಲಿಡಿ. ಎರಡಕ್ಕೂ ಒಂದೊಂದು ಚಮಚ ಅಡುಗೆ ಎಣ್ಣೆ ಹಾಕಿ. ಒಣ ಕಾಗದದಲ್ಲಿ ಎಣ್ಣೆ ಮೆಲ್ಲಗೆ ಹರಡಿ, ಕಾಗದವನ್ನು ಪಾರದರ್ಶಕ ಮಾಡಿ, ಕೆಳಗೆ ತೊಟ್ಟಿಕ್ಕಲು ಶುರುವಾಗುತ್ತದೆ. ಒದ್ದೆ ಕಾಗದದಲ್ಲಿ ಅದು ಮೇಲೆಯೇ ಕೊಳವಾಗಿ ನಿಲ್ಲುತ್ತದೆ. ಈಗ ಆ ಕೊಳದ ಮೇಲೆ ನಿಧಾನವಾಗಿ ನೀರು ಸುರಿಯಿರಿ. ನೀರು ಎಣ್ಣೆಯ ಕೆಳಗೆ ನುಸುಳಿ ಕಾಗದದಿಂದ ಇಳಿಯುತ್ತದೆ. ಎಣ್ಣೆ ಅಲ್ಲೇ ಇರುತ್ತದೆ. ಎರಡೂ ಒಂದೇ ಕಾಗದ, ತೂತುಗಳ ಅಳತೆಯೂ ಒಂದೇ. ಬದಲಾದದ್ದು ಯಾವ ದ್ರವ ಮೊದಲು ಒಳಗೆ ಸೇರಿತು ಎಂಬುದು ಮಾತ್ರ.

ಈ ತತ್ವಕ್ಕೆ ಒಳ್ಳೆಯ ರೂಪ ಕೊಟ್ಟದ್ದು 2011ರಲ್ಲಿ ಬಂದ ಹೈಡ್ರೋಜೆಲ್ ಜಾಲರಿ. ಸ್ಟೀಲಿನ ಜಾಲರಿಗೆ ಪಾಲಿಅಕ್ರಿಲಮೈಡ್ ಎಂಬ, ನೀರು ಕುಡಿದು ಉಬ್ಬುವ ಜೆಲ್ಲನ್ನು ಹಚ್ಚಿದರು. ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ಸಸ್ಯದ ಎಣ್ಣೆ ಹೀಗೆ ಬೇರೆ ಬೇರೆ ಮಿಶ್ರಣಗಳನ್ನು ಸುರಿದಾಗ ನೀರು ತನ್ನ ಭಾರಕ್ಕೇ ಇಳಿಯಿತು, ಎಣ್ಣೆ ಮೇಲೆ ಉಳಿಯಿತು. ಕಚ್ಚಾ ತೈಲವೂ ಜೆಲ್ಲಿಗೆ ಹಿಡಿದುಕೊಳ್ಳಲಿಲ್ಲ ಎಂಬುದು ದೊಡ್ಡ ಮಾತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ದಿಕ್ಕು ತಿರುಗಿದ್ದು ಅಲ್ಲಿ. ಎಣ್ಣೆಯ ಜೊತೆ ಹೋರಾಡುವ ಮೇಲ್ಮೈಗಾಗಿ ಹುಡುಕುವುದನ್ನು ಬಿಟ್ಟು ನೀರಿನಿಂದಲೇ ಆ ಕೆಲಸ ಮಾಡಿಸಿಕೊಂಡರು.

ಇವತ್ತು ಈ ಬಗೆಯ ಪೊರೆ ಮಾಡಲು ದಾರಿಗಳು ಹಲವು. ಹತ್ತಿಯ ಮೂಲವಸ್ತುವಾದ ಸೆಲ್ಯುಲೋಸ್ ಸ್ವಭಾವತಃ ನೀರನ್ನು ಒಪ್ಪುತ್ತದೆ. ಅಲ್ಯುಮಿನಾ, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡಿನಂಥ ಸಿರಾಮಿಕ್‌ಗಳೂ ಒಪ್ಪುತ್ತವೆ. ನೀರನ್ನು ಒಲ್ಲದ ಪಾಲಿಮರ್ ಪೊರೆಯನ್ನೂ ಒಲಿಸಬಹುದು. ಬಂಡೆಗೆ ಕಚ್ಚಿಕೊಳ್ಳುವ ಚಿಪ್ಪುಜೀವಿಗಳ ಅಂಟನ್ನು ನೋಡಿ ಕಲಿತ ಪಾಲಿಡೋಪಮೈನ್ ಎಂಬ ಲೇಪನ ಯಾವುದರ ಮೇಲಾದರೂ ಕೂರುತ್ತದೆ. ಅದರ ಮೇಲೆ ನೀರಿಗೆ ಇಷ್ಟವಾದ ಅಣುಗಳನ್ನು ಕಟ್ಟುತ್ತಾರೆ. ಧನ ಮತ್ತು ಋಣ ವಿದ್ಯುದಂಶ ಎರಡೂ ಒಂದೇ ಅಣುವಿನಲ್ಲಿರುವ ಕೆಲವು ವಸ್ತುಗಳಂತೂ ನೀರಿನ ಅಣುಗಳನ್ನು ಬಹಳ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಟೈಟಾನಿಯಂ ಡೈಆಕ್ಸೈಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅತಿನೇರಳೆ ಬೆಳಕು ಬಿದ್ದರೆ ಅದು ನೀರನ್ನು ಪೂರ್ತಿ ಹರಡಿಸಿಕೊಳ್ಳುತ್ತದೆ ಎಂದು 1997ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅದೇ ಬೆಳಕಿನಲ್ಲಿ ಅದು ಮೆತ್ತಿಕೊಂಡ ಎಣ್ಣೆಯ ಅಣುಗಳನ್ನು ಒಡೆಯಲೂ ಬಲ್ಲದು.

ಇಲ್ಲಿ ಎಚ್ಚರದ ಮಾತೂ ಇದೆ. ಈ ಪೊರೆಗಳ ಶಕ್ತಿ ಇರುವುದು ಒಳಗೆ ಸೇರಿಕೊಂಡ ನೀರಿನಲ್ಲಿ. ಒಣಗಿದರೆ ಆ ಕಾವಲು ಹೋಯಿತು. ಒಣಗಿದ ಪೊರೆಗೆ ಮೊದಲು ಎಣ್ಣೆ ತಾಗಿದರೆ ಅದೇ ಒಳಗೆ ಸೇರುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಹೊರಗೆ ತಳ್ಳುವುದು ಕಷ್ಟ. ಹಾಗಾಗಿ ಘಟಕ ನಿಂತಿದ್ದಾಗಲೂ ಪೊರೆಯನ್ನು ಒದ್ದೆಯಾಗಿಯೇ ಇಟ್ಟಿರಬೇಕು. ಜೆಲ್ಲುಗಳಿಗೆ ಇನ್ನೊಂದು ಪರೀಕ್ಷೆ ಉಪ್ಪುನೀರು. ವಿದ್ಯುದಂಶವಿರುವ ಜೆಲ್ ಆದರೆ ಉಪ್ಪು ಹೆಚ್ಚಾದಾಗ ಮುದುಡಿಕೊಂಡು ತೂತಿನ ಅಳತೆಯೇ ಬದಲಾಗುತ್ತದೆ.

ಗಾಳಿಯಲ್ಲೂ ಎಣ್ಣೆಯನ್ನು ತಡೆದು ನೀರನ್ನು ಬಿಡುವ ಪೊರೆ ಸಾಮಾನ್ಯ ಲೆಕ್ಕದಲ್ಲಿ ಆಗದು ಅಂದೆನಲ್ಲ, ಅದಕ್ಕೂ ಒಂದು ಸುತ್ತುದಾರಿ ಸಿಕ್ಕಿದೆ. 2012ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅನೀಶ್ ತುತೇಜಾ ಅವರ ತಂಡ ಎರಡು ಬಗೆಯ ವಸ್ತುಗಳನ್ನು ಬೆರೆಸಿ ಲೇಪನ ಮಾಡಿತು. ಒಂದು ಎಣ್ಣೆಯನ್ನು ತೀರಾ ಒಲ್ಲದ ಫ್ಲೋರಿನ್ ಸಂಯುಕ್ತ, ಇನ್ನೊಂದು ನೀರನ್ನು ಒಪ್ಪುವ ಪಾಲಿಮರ್. ಗಾಳಿಯಲ್ಲಿ ಫ್ಲೋರಿನ್ ಇರುವ ಭಾಗ ಮೇಲೆ ಬಂದು ನಿಂತಿರುತ್ತದೆ, ಎಣ್ಣೆ ಜಾರುತ್ತದೆ. ನೀರು ತಾಗಿದಾಗ ಕೆಳಗಿದ್ದ ಪಾಲಿಮರ್ ಸರಪಳಿಗಳು ಮೇಲೆ ಬರುತ್ತವೆ, ನೀರು ಒಳಗಿಳಿಯುತ್ತದೆ. ಬರೀ ಗುರುತ್ವದಿಂದಲೇ 100 ಗಂಟೆಗೂ ಹೆಚ್ಚು ಕಾಲ ಹರಿವು ಕುಗ್ಗದೆ ಬೇರ್ಪಡಿಸಿದ್ದನ್ನು ಅವರು ತೋರಿಸಿದರು. ಎಂಥ ಚಂದದ ಉಪಾಯ! ಆದರೆ ಫ್ಲೋರಿನ್ ಸಂಯುಕ್ತಗಳ ಬಗ್ಗೆ ನನಗೆ ಅನುಮಾನ ಇದ್ದೇ ಇದೆ. ಇವುಗಳಲ್ಲಿ ಹಲವು ಪರಿಸರದಲ್ಲಿ ಕೊಳೆಯುವುದೇ ಇಲ್ಲ. ಇದೇ ದೊಡ್ಡ ಬಳಗಕ್ಕೆ ಸೇರಿದ ಪಿಎಫ್‌ಒಎಸ್ ಎಂಬ ರಸಾಯನ 2009ರಲ್ಲೂ ಪಿಎಫ್‌ಒಎ ಎಂಬುದು 2019ರಲ್ಲೂ, ಕೊಳೆಯದೆ ಉಳಿಯುವ ವಿಷಗಳ ಮೇಲಿನ ಸ್ಟಾಕ್‌ಹೋಮ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿ ಸೇರಿದವು. ನೀರನ್ನು ಶುದ್ಧ ಮಾಡಲು ಹೊರಟ ಪೊರೆಯೇ ನೀರಿಗೆ ಅಂಥದ್ದನ್ನು ಬಿಡಬಾರದು. ಫ್ಲೋರಿನ್ ಇಲ್ಲದ ಲೇಪನ ಸ್ವಲ್ಪ ಕಡಿಮೆ ಕೋನ ಕೊಟ್ಟರೂ ನನ್ನ ಒಲವು ಅದರ ಕಡೆಗೇ.

ಕೋನ ದೊಡ್ಡದಿದ್ದರೆ ಸಾಕೇ?

ಈ ವಿಷಯದ ಪ್ರಬಂಧಗಳನ್ನು ತೆರೆದರೆ ಮೊದಲು ಕಾಣುವುದು ಕೋನದ ಅಂಕಿ. 155 ಡಿಗ್ರಿ, 160 ಡಿಗ್ರಿ, 165 ಡಿಗ್ರಿ. ಪಕ್ಕದಲ್ಲಿ 99% ಬೇರ್ಪಡಿಕೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಇವುಗಳಿಂದ ಪೊರೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಜಾಲರಿಯ ಮೇಲೆ ತೇಲುವ ಎಣ್ಣೆಯನ್ನು ಬೇರೆ ಮಾಡಿ 99% ತೋರಿಸುವುದು ದೊಡ್ಡ ಸಾಹಸ ಅಲ್ಲ. ಅದನ್ನು ತೊಟ್ಟಿಯೇ ಮಾಡುತ್ತದೆ.

ನಿಜವಾದ ಪರೀಕ್ಷೆ ಸರ್ಫ್ಯಾಕ್ಟಂಟ್ ಬಂದಾಗ. ಪೊರೆಯ ತೂತು 0.1 ಮೈಕ್ರೋಮೀಟರ್ ಇದೆ, ಒಳಗೆ ನೀರು ತುಂಬಿದೆ ಎಂದುಕೊಳ್ಳಿ. ಶುದ್ಧ ಎಣ್ಣೆಗೂ ನೀರಿಗೂ ನಡುವಿನ ಎಳೆತ ಮೀಟರಿಗೆ 30 ಮಿಲಿನ್ಯೂಟನ್ ಇದ್ದರೆ ಎಣ್ಣೆಯನ್ನು ಆ ತೂತಿಗೆ ತಳ್ಳಲು ಸುಮಾರು 12 ಬಾರ್, ಅಂದರೆ ನಮ್ಮ ಸುತ್ತಲ ಗಾಳಿಯದ್ದಕ್ಕಿಂತ ಹೆಚ್ಚುಕಡಿಮೆ ಹನ್ನೆರಡು ಪಟ್ಟು ಒತ್ತಡ ಬೇಕು. ಯಾವ ಭಯವೂ ಇಲ್ಲ. ಆದರೆ ಸರ್ಫ್ಯಾಕ್ಟಂಟ್ ಸೇರಿ ಆ ಎಳೆತ 3ಕ್ಕೆ ಇಳಿದರೆ? 1.2 ಬಾರ್ ಸಾಕು. ಇಂಥ ಪೊರೆಗಳನ್ನು ನಡೆಸುವ ಒತ್ತಡವೂ ಹೆಚ್ಚುಕಡಿಮೆ ಅದೇ ಮಟ್ಟದ್ದು. ಅದೇ ಪೊರೆ, ಅದೇ ಕೋನ, ನಿನ್ನೆಯವರೆಗೂ ತಡೆಯುತ್ತಿತ್ತು, ಇವತ್ತು ಎಣ್ಣೆ ದಾಟುತ್ತಿದೆ. ಬದಲಾದದ್ದು ನೀರಿನಲ್ಲಿದ್ದ ಒಂದು ಚಿಟಿಕೆ ಡಿಟರ್ಜೆಂಟ್.

ಎರಡನೆಯ ಪರೀಕ್ಷೆ ಕಾಲ. ನೀರು ಹೊರಗೆ ಹೋಗುತ್ತಾ ಇದ್ದ ಹಾಗೆ ತಡೆದ ಎಣ್ಣೆ ಹನಿಗಳು ಪೊರೆಯ ಮೇಲೆ ಒತ್ತೊತ್ತಾಗಿ ಕೂರುತ್ತವೆ. ಹಿಂದೆ ಬರುವ ನೀರು ಅವನ್ನು ಇನ್ನೂ ಒತ್ತುತ್ತದೆ. ಹನಿಗಳು ಚಪ್ಪಟೆಯಾಗಿ, ಒಂದಕ್ಕೊಂದು ಸೇರಿ, ಎಣ್ಣೆಯ ಚಾದರವೇ ಆಗಬಹುದು. ಜೊತೆಗೆ ಕೊಳೆನೀರಿನ ಪ್ರೋಟೀನು, ಬ್ಯಾಕ್ಟೀರಿಯಾ, ಸುಣ್ಣದಂಥ ಲವಣಗಳೂ ಅಂಟುತ್ತವೆ. ಮೊದಲ ಗಂಟೆಯಲ್ಲಿ ಧಾರಾಳವಾಗಿ ಹರಿದ ನೀರು ಆಮೇಲೆ ತೊಟ್ಟಿಕ್ಕುತ್ತದೆ. ಒತ್ತಡ ಹೆಚ್ಚಿಸಿ ಸರಿ ಮಾಡೋಣ ಎಂದು ಹೊರಟರೆ ಹನಿಗಳು ಇನ್ನೂ ಗಟ್ಟಿಯಾಗಿ ಒತ್ತಿಕೊಳ್ಳುತ್ತವೆ. ಒಂದು ಮಿತಿಯೊಳಗೆ ನಿಧಾನವಾಗಿ ನಡೆಸಿದರೆ ದಿನದ ಕೊನೆಗೆ ಸಿಗುವ ನೀರು ಜಾಸ್ತಿಯೇ ಇರುತ್ತದೆ ಎಂಬುದನ್ನು ಘಟಕ ನಡೆಸುವವರು ಚೆನ್ನಾಗಿ ಬಲ್ಲರು.

ಅದಕ್ಕೇ ಕಾರ್ಖಾನೆಗಳಲ್ಲಿ ಮಿಶ್ರಣವನ್ನು ಪೊರೆಯ ಮೇಲೆ ನೇರವಾಗಿ ಸುರಿಯುವುದಿಲ್ಲ. ಕೊಳವೆಯಾಕಾರದ ಪೊರೆಯ ಒಳಗೆ ಉದ್ದಕ್ಕೂ ಜೋರಾಗಿ ಹರಿಸುತ್ತಾರೆ. ಸಿರಾಮಿಕ್ ಕೊಳವೆಗಳಲ್ಲಿ ಸೆಕೆಂಡಿಗೆ 2ರಿಂದ 5 ಮೀಟರ್ ವೇಗ ಸಾಮಾನ್ಯ. ಹರಿವು ಗೋಡೆಗೆ ಕೂರಲು ಹೊರಟ ಹನಿಗಳನ್ನು ಗುಡಿಸಿಕೊಂಡು ಹೋಗುತ್ತದೆ. ನೀರು ಪಕ್ಕದ ಗೋಡೆಯಿಂದ ಸೋಸಿ ಹೊರಬರುತ್ತದೆ. ಆಗಾಗ ಶುದ್ಧ ನೀರನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ಅಂಟಿದ್ದನ್ನು ಎಬ್ಬಿಸುತ್ತಾರೆ. ಸಿರಾಮಿಕ್ ದುಬಾರಿಯಾದರೂ ಎಣ್ಣೆಯ ಕೆಲಸದಲ್ಲಿ ಜನ ಅದನ್ನು ಬಯಸುವುದು ಇದೇ ಕಾರಣಕ್ಕೆ. ಬಿಸಿ ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತಿಕ್ಕಿ ತೊಳೆದರೂ ಅದು ತಡೆದುಕೊಳ್ಳುತ್ತದೆ. ತೆಳು ಪಾಲಿಮರ್ ಪೊರೆ ಅಷ್ಟು ತೊಳೆತ ತಾಳುವುದಿಲ್ಲ.

ಹಾಗಾಗಿ ಯಾರಾದರೂ ಹೊಸ ಪೊರೆಯ ಸುದ್ದಿ ತಂದರೆ ನಾನು ಕೋನವನ್ನು ಕೇಳುವುದಿಲ್ಲ. ಹನಿಗಳು ಎಷ್ಟು ಚಿಕ್ಕವು? ಸರ್ಫ್ಯಾಕ್ಟಂಟ್ ಇತ್ತೇ? ಎಷ್ಟು ಒತ್ತಡಕ್ಕೆ ಎಣ್ಣೆ ದಾಟಿತು? ಎಷ್ಟು ಗಂಟೆಯ ನಂತರ ಹರಿವು ಎಷ್ಟಕ್ಕೆ ಇಳಿಯಿತು, ತೊಳೆದ ಮೇಲೆ ಎಷ್ಟು ವಾಪಸ್ ಬಂತು? ಇವಕ್ಕೆ ಉತ್ತರ ಇದ್ದರೆ ಅದು ಓದಬೇಕಾದ ಕೆಲಸ.

ಇನ್ನೂ ಒಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ನೀರೇನೋ ಆಚೆ ಹೋಯಿತು. ಈಚೆ ಉಳಿದದ್ದನ್ನು ಏನು ಮಾಡುತ್ತೀರಿ? ನೀರನ್ನು ಬಿಡುವ ಪೊರೆ ಕೊನೆಗೆ ಮಂದವಾದ ಎಮಲ್ಷನ್ ಒಂದನ್ನು ಉಳಿಸುತ್ತದೆ. ಅದರಲ್ಲಿ ಎಣ್ಣೆ ಜಾಸ್ತಿ ಇದ್ದರೂ ಮತ್ತೆ ಬಳಸುವಷ್ಟು ಶುದ್ಧ ಇರುವುದಿಲ್ಲ. ಇದಕ್ಕೆ ಇತ್ತೀಚೆಗೆ ಬಂದ ಒಂದು ಯೋಚನೆ ನನಗೆ ತುಂಬಾ ಹಿಡಿಸಿತು. 2024ರ ಕೊನೆಯಲ್ಲಿ ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಜಾತಿಯ ಪೊರೆಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವಿನ ಕಿರಿದಾದ ಓಣಿಯಲ್ಲಿ ಎಮಲ್ಷನ್ ಹರಿಸಿದರು. ಒಂದು ಗೋಡೆ ನೀರನ್ನು ಕರೆದುಕೊಳ್ಳುತ್ತದೆ, ಎದುರಿನದು ಎಣ್ಣೆಯನ್ನು. ಒಂದು ಕಡೆಯಿಂದ ನೀರು ಹೊರಟಷ್ಟೂ ಓಣಿಯಲ್ಲಿ ಎಣ್ಣೆ ಹನಿಗಳು ಒತ್ತೊತ್ತಾಗುತ್ತವೆ. ಒತ್ತೊತ್ತಾದಷ್ಟೂ ಒಂದಕ್ಕೊಂದು ಡಿಕ್ಕಿ ಹೊಡೆದು ಸೇರಿ ದೊಡ್ಡದಾಗುತ್ತವೆ. ದೊಡ್ಡ ಹನಿಗಳು ಎದುರಿನ ಗೋಡೆಯನ್ನು ಮುಟ್ಟಿ ಅಲ್ಲಿಂದ ಹೊರಹೋಗುತ್ತವೆ. ಎಣ್ಣೆ ಹೋದ ಮೇಲೆ ನೀರಿನ ಬದಿಯ ಪೊರೆಯ ಮೇಲೆ ಕೂರಲು ಹನಿಗಳು ಕಡಿಮೆ, ಹಾಗಾಗಿ ನೀರಿನ ದಾರಿಯೂ ತೆರೆದಿರುತ್ತದೆ. ಓಣಿ ಅಗಲವಾದರೆ ಈ ಸಹಕಾರ ಕಳಚುತ್ತದೆ, ಹನಿಗಳು ಎದುರಿನ ಗೋಡೆಯನ್ನು ತಲುಪುವುದೇ ಕಡಿಮೆಯಾಗುತ್ತದೆ. ಬೇರೆ ಬೇರೆಯಾಗಿ ಒಂದೊಂದು ಪೊರೆಯನ್ನು ಇಟ್ಟಾಗ ಸಿಗದಷ್ಟು ಎಣ್ಣೆಯೂ ನೀರೂ ಒಟ್ಟಿಗೇ ಅವರಿಗೆ ವಾಪಸ್ ಸಿಕ್ಕವು. ಇನ್ನು ಮರಳು, ಉಪ್ಪು, ಬ್ಯಾಕ್ಟೀರಿಯಾ ಎಲ್ಲ ತುಂಬಿದ ನಿಜವಾದ ಕೊಳೆನೀರನ್ನು ಆ ಕಿರಿದಾದ ಓಣಿಯಲ್ಲಿ ತಿಂಗಳುಗಟ್ಟಲೆ ಹರಿಸಿ ನೋಡಬೇಕು.